ಕಗ್ಗ ಹುಡುಕಿದರೆ ಡಿವಿಜಿ ಸಿಕ್ಕರು: ಒಂದು ಪದವಿ ಪ್ರಾಜೆಕ್ಟಿನ ಪ್ರಕರಣ

ಕುಮಟಾ ಕಡೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನನಗೆ ಕೆಲಸ. ಒಂದು ಮಧ್ಯಾಹ್ನ ಕೊನೆಯ ವರ್ಷದ ಬಿಎಸ್ಸಿ ಹುಡುಗಿಯೊಬ್ಬಳು ಕೌಂಟರ್ ಹತ್ತಿರ ಬಂದು ನಿಂತಳು. ಕೈಯಲ್ಲಿ ಪ್ರಾಜೆಕ್ಟಿನ ಮೊದಲ ಕರಡು. ಮುಖ ಬಾಡಿತ್ತು.

"ಸರ್, ರೆಫರೆನ್ಸ್ ಸರಿ ಇಲ್ಲ ಅಂತ ಗೈಡ್ ವಾಪಸ್ ಕೊಟ್ಟಿದ್ದಾರೆ. ಇನ್ನು ಮೂರೇ ವಾರ ಇದೆ. ನೆಟ್ಟಲ್ಲಿ ನಮ್ಮೂರ ಬಗ್ಗೆ ಏನೂ ಇಲ್ಲ ಸರ್."

ಈ ಕೊನೆಯ ಮಾತನ್ನು ನಾನು ವರ್ಷಕ್ಕೆ ಹತ್ತಾರು ಸಲ ಕೇಳುತ್ತೇನೆ. ಅದಕ್ಕೇ ಈ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆವರೆಗೆ ಬರೆದಿಡಬೇಕು ಅನ್ನಿಸಿತು. ಹುಡುಗಿಯ ಹೆಸರು, ಊರು ಇಲ್ಲಿ ಬೇಡ. ಅವಳ ವಿಷಯ ಮಾತ್ರ ಹೇಳುತ್ತೇನೆ: ಅಘನಾಶಿನಿ ಅಳಿವೆಯ ಗಜನಿ ಭೂಮಿ, ಅಲ್ಲಿನ ಕಗ್ಗ ಭತ್ತ, ಸುತ್ತಲಿನ ಕಾಂಡ್ಲಾ ಗಿಡಗಳು.

ಗಜನಿ ಗೊತ್ತಿಲ್ಲದವರಿಗೆ ಎರಡು ಮಾತು. ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ, ಘಟ್ಟ ಇಳಿದು, ಒಂದು ದೊಡ್ಡ ಅಣೆಕಟ್ಟೂ ಇಲ್ಲದೆ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಅಳಿವೆಯ ಎರಡೂ ಬದಿಗೆ ತಗ್ಗು ನೆಲ. ಉಬ್ಬರದ ಹೊತ್ತಿಗೆ ಉಪ್ಪುನೀರು ಅಲ್ಲಿಗೆ ಏರಿ ಬರುತ್ತದೆ. ಆ ನೆಲಕ್ಕೆ ಒಡ್ಡು ಕಟ್ಟಿ, ನೀರು ಬಿಡಲು ಹಲಗೆ ಬಾಗಿಲು ಇಟ್ಟಿರುತ್ತಾರೆ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದು ಹೋದ ಮೇಲೆ ಕಗ್ಗ ಬಿತ್ತುತ್ತಾರೆ. ಅದು ಉಪ್ಪು ತಡೆಯುವ, ನೆರೆ ತಡೆಯುವ ಭತ್ತ. ಗೊಬ್ಬರ, ಔಷಧಿ ಯಾವುದೂ ಬೇಡ. ಕೊಯ್ಲಾದ ಮೇಲೆ ಅದೇ ನೆಲದಲ್ಲಿ ಮೀನು, ಶೆಟ್ಲಿ (ಸಿಗಡಿ). ಮಾಣಿಕಟ್ಟಾ ಕಡೆ ಹೋದವರು ಇದನ್ನು ಕಣ್ಣಾರೆ ನೋಡಿರುತ್ತಾರೆ. ಈ ಹುಡುಗಿಯ ಅಜ್ಜ ಇಂಥ ಗಜನಿಯಲ್ಲೇ ಬೇಸಾಯ ಮಾಡಿದವರು.

ಕರಡಿನ ಕೊನೆಯ ಪುಟ

ನಾನು ಮೊದಲು ನೋಡಿದ್ದು ಕೊನೆಯ ಪುಟ. ಅಲ್ಲಿ 11 ಉಲ್ಲೇಖಗಳಿದ್ದವು. ಒಂದೊಂದಾಗಿ ಇಬ್ಬರೂ ಕೂತು ಪರೀಕ್ಷೆ ಮಾಡಿದೆವು. ಲೇಖನದ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯ ಒಳಗೆ ಇಟ್ಟು ಗೂಗಲ್ ಸ್ಕಾಲರ್‌ನಲ್ಲಿ ಹಾಕುವುದು. ಸಿಗದಿದ್ದರೆ ಆ ಪತ್ರಿಕೆಯ ಜಾಲತಾಣಕ್ಕೇ ಹೋಗಿ, ಹೇಳಿದ ವರ್ಷದ ಹೇಳಿದ ಸಂಚಿಕೆ ತೆಗೆದು, ಪುಟ ಸಂಖ್ಯೆ ನೋಡುವುದು. ಡಿಒಐ, ಅಂದರೆ ಲೇಖನದ ಗುರುತಿನ ಸಂಖ್ಯೆ ಇದ್ದರೆ ಅದನ್ನೂ ಹಾಕಿ ನೋಡುವುದು.

ನಾಲ್ಕು ಲೇಖನಗಳು ಎಲ್ಲೂ ಇರಲಿಲ್ಲ. ಪತ್ರಿಕೆ ನಿಜ, ಬರೆದವರ ಹೆಸರುಗಳೂ ನಿಜದಂತೆ ಕಾಣುತ್ತವೆ. ಆದರೆ ಆ ಪುಟದಲ್ಲಿ ಬೇರೆಯೇ ಲೇಖನ. ಎಲ್ಲಿಂದ ಬಂತು ಅಂತ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಎಐ ಚಾಟ್‌ಬಾಟ್ ಕೇಳಿದ್ದೆ ಸರ್. ಅದು ಪಟ ಪಟ ಅಂತ ಕೊಟ್ಟಿತು" ಎಂದಳು.

ನಾನು ಬೈಯಲಿಲ್ಲ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ ಅಷ್ಟೇ. ಚಾಟ್‌ಬಾಟ್ ಪುಸ್ತಕದ ಕಪಾಟು ನೋಡಿ ಉತ್ತರ ಹೇಳುವುದಿಲ್ಲ, ಒಂದು ಪದದ ಮುಂದೆ ಯಾವ ಪದ ಬರಬಹುದು ಅಂತ ಅಂದಾಜು ಮಾಡಿ ವಾಕ್ಯ ಕಟ್ಟುತ್ತದೆ. ಹಾಗಾಗಿ ನಿಜದಂತೆ ಕಾಣುವ ಉಲ್ಲೇಖವನ್ನು ತಾನೇ ಹುಟ್ಟಿಸಿಬಿಡಬಹುದು. ಇದನ್ನು ಅವಳಿಗೆ ಹೇಳಿದೆ. ವಿಷಯ ಅರ್ಥ ಮಾಡಿಕೊಳ್ಳಲು ಕೇಳು, ಬೇರೆ ಬೇರೆ ಹುಡುಕು ಪದ ಸೂಚಿಸಲು ಕೇಳು. ಆದರೆ ನೀನು ತೆರೆದು ಓದದ ಒಂದು ಲೇಖನವೂ ಕೊನೆಯ ಪುಟಕ್ಕೆ ಹೋಗಬಾರದು. ಈ ಒಂದು ನಿಯಮವನ್ನು ಮೊದಲ ದಿನವೇ ಮಾಡಿಕೊಂಡೆವು.

ಉಳಿದ ಏಳರಲ್ಲಿ ಎರಡು ಕೇರಳದ ಪೊಕ್ಕಾಳಿ ಭತ್ತದ ಬಗ್ಗೆ. ಅದೂ ಉಪ್ಪುನೆಲದ ಭತ್ತವೇ, ಹೋಲಿಕೆಗೆ ಬೇಕು, ಇರಲಿ ಅಂದೆ. ಮೂರು ಕೊಂಡಿಗಳು ತೆರೆಯಲೇ ಇಲ್ಲ. ಇನ್ನೆರಡು ಯಾರೋ ಎಲ್ಲಿಂದಲೋ ನಕಲು ಮಾಡಿದ ಪ್ರವಾಸಿ ಬರಹಗಳು.

ಮೂರು ಪದ, ಮೂರೂ ದಾರಿ ತಪ್ಪಿಸುತ್ತವೆ

"ನೀನು ಏನಂತ ಹುಡುಕಿದೆ, ನನ್ನ ಎದುರಿಗೇ ಮಾಡಿ ತೋರಿಸು ತಂಗಿ" ಎಂದೆ.

ಕನ್ನಡದಲ್ಲಿ "ಕಗ್ಗ" ಎಂದು ಹೊಡೆದಳು. ಪರದೆಯ ತುಂಬ ಡಿ.ವಿ.ಜಿ. 1943ರಲ್ಲಿ ಬಂದ ಮಂಕುತಿಮ್ಮನ ಕಗ್ಗ, ಅದರ ಪದ್ಯ, ಅರ್ಥ, ಹಾಡಿದ ವಿಡಿಯೊ. ಭತ್ತ ಎಲ್ಲೂ ಇಲ್ಲ. ಇಂಗ್ಲಿಷಿನಲ್ಲಿ "ಗಜನಿ" ಬರೆದಳು. ಅಫ್ಘಾನಿಸ್ತಾನದ ಊರು ಬಂತು, ಮಹಮ್ಮದ್ ಬಂದ. "ಕಾಂಡ್ಲಾ" ಬರೆದಳು. ಗುಜರಾತಿನ ಕಾಂಡ್ಲಾ ಬಂದರು ಬಂತು.

ಅವಳು ಹೇಳಿದ್ದು ಸುಳ್ಳಲ್ಲ ಅಂತ ನನಗೆ ಆಗ ತಿಳಿಯಿತು. ಅವಳ ಮನೆಯಲ್ಲಿ ದಿನಾ ಆಡುವ ಮೂರು ಮಾತುಗಳೂ ಅವಳನ್ನು ಬೇರೆ ಮೂರು ಊರಿಗೆ ಕರೆದುಕೊಂಡು ಹೋಗಿದ್ದವು. ಯಾರಾದರೂ ನೆಟ್ಟಲ್ಲಿ ಏನೂ ಇಲ್ಲ ಅನ್ನದೆ ಇನ್ನೇನು ಅನ್ನುತ್ತಾರೆ? ನಮ್ಮ ಅಳಿವೆಯ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ಆದರೆ ಅವರು ಬರೆದ ಹೊತ್ತಿನಲ್ಲಿ, ಅವರು ಬರೆದ ಭಾಷೆಯಲ್ಲಿ ಈ ವಸ್ತುಗಳಿಗೆ ಯಾವ ಹೆಸರಿತ್ತೋ ಆ ಹೆಸರಿನಿಂದ ಕೂಗಿದರೆ ಮಾತ್ರ ಅವು ಓಗೊಡುತ್ತವೆ. ಈ ಇಡೀ ಪ್ರಕರಣದಲ್ಲಿ ನಾವು ಕಲಿತದ್ದು ಹೆಚ್ಚಾಗಿ ಇದೇ.

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಗೆರೆ ಎಳೆಯಲು ಹೇಳಿದೆ. ಮನೆಯ ಹೆಸರು, ಇಂಗ್ಲಿಷ್ ಹೆಸರು, ವೈಜ್ಞಾನಿಕ ಹೆಸರು, ಹಳೆಯ ಹೆಸರು. ಎರಡು ದಿನ ಹುಡುಕಾಟವನ್ನೇ ನಿಲ್ಲಿಸಿ ಬರೀ ಈ ಹೆಸರುಗಳನ್ನು ಕೂಡಿಸಿದೆವು.

ಕಗ್ಗಕ್ಕೆ ಇಂಗ್ಲಿಷಿನಲ್ಲಿ ಬೇರೆ ಹೆಸರಿಲ್ಲ. ಆದರೆ ಅದರ ಜೊತೆಗೆ "ಉಪ್ಪು ತಡೆಯುವ ಭತ್ತ" ಎನ್ನುವುದರ ಇಂಗ್ಲಿಷ್ ಮಾತು, ಕುಮಟಾ ಅಥವಾ ಅಘನಾಶಿನಿ, ಈ ಮೂರನ್ನೂ ಸೇರಿಸಿದರೆ ಡಿವಿಜಿ ಪಕ್ಕಕ್ಕೆ ಸರಿದು ಭತ್ತ ಬರುತ್ತದೆ. ತಳಿಯ ಒಳಹೆಸರು ಇನ್ನೂ ಒಳ್ಳೆಯದು. ಕರಿ ಕಗ್ಗ, ಬಿಳಿ ಕಗ್ಗ ಎಂದು ಹಾಕಿದ ಕೂಡಲೇ ನೇರವಾಗಿ ಗದ್ದೆಗೇ ಬಂದೆವು. ಗಜನಿಯನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಜೆ ಹಾಕಿದವರಿದ್ದಾರೆ, ಜಡ್ ಹಾಕಿದವರಿದ್ದಾರೆ, ನಡುವಿನ ಎ ಬಿಟ್ಟವರಿದ್ದಾರೆ. ಎಲ್ಲವನ್ನೂ ಬರೆದುಕೊಂಡು ಒಂದೊಂದನ್ನೇ ಹಾಕಬೇಕು. ಗೋವಾದಲ್ಲಿ ಇಂಥದೇ ನೆಲಕ್ಕೆ ಖಾಜನ್ ಅನ್ನುತ್ತಾರೆ. ಆ ಹೆಸರಿನಲ್ಲೂ ಅಧ್ಯಯನಗಳಿವೆ. ಒಡ್ಡಿನ ಕೆಲಸ, ನೀರು ಬಿಡುವ ಕ್ರಮ ಅರ್ಥ ಮಾಡಿಕೊಳ್ಳಲು ಅವಳಿಗೆ ಅವು ಜಾಸ್ತಿ ಉಪಯೋಗಕ್ಕೆ ಬಂದವು.

ಕಾಂಡ್ಲಾದ ಕತೆ ನನಗೆ ಬಹಳ ಇಷ್ಟ. ಇಂಗ್ಲಿಷಿನಲ್ಲಿ ಮ್ಯಾಂಗ್ರೋವ್. ಅದು ಒಂದು ಗಿಡವಲ್ಲ, ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಹಲವು ಗಿಡಗಳಿಗೆ ಒಟ್ಟು ಹೆಸರು. ರೈಜೋಫೊರಾ ಮ್ಯುಕ್ರೊನಾಟಾ, ಅವಿಸೆನ್ನಿಯಾ ಅಫಿಸಿನಾಲಿಸ್, ಕಾಂಡೆಲಿಯಾ ಕಾಂಡೆಲ್, ಹೀಗೆ. ಕೊನೆಯ ಹೆಸರು ಓದಿದಾಗ ಅವಳು ತಲೆ ಎತ್ತಿ ನೋಡಿದಳು. "ಸರ್, ಇದು ನಮ್ಮ ಕಾಂಡ್ಲಾ ಥರಾನೇ ಇದೆ!" ಆ ಲ್ಯಾಟಿನ್ ಹೆಸರು ಹುಟ್ಟಿದ್ದು ಮಲಯಾಳದ ಕಂಡೆಲ್ ಎಂಬ ಮಾತಿನಿಂದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ ಹೋರ್ತುಸ್ ಮಲಬಾರಿಕುಸ್ ಗ್ರಂಥದ ಮೂಲಕ ಕರಾವಳಿಯ ಆ ಮಾತು ವಿಜ್ಞಾನಕ್ಕೆ ಹೋಯಿತು. ಮನೆಯ ಮಾತಿನ ನೆಂಟ ಲ್ಯಾಟಿನ್‌ನಲ್ಲಿ ಸಿಕ್ಕ ಮೇಲೆ ಆ ಹುಡುಗಿ ವೈಜ್ಞಾನಿಕ ಹೆಸರುಗಳಿಗೆ ಹೆದರಲಿಲ್ಲ.

ಹಳೆಯ ಹೆಸರುಗಳ ಸಾಲು ತುಂಬಿಸಲು ಸ್ವಲ್ಪ ಚರಿತ್ರೆ ಬೇಕಾಯಿತು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಉತ್ತರ ಕನ್ನಡ ಎಂದು ಹೆಸರಾದದ್ದು 1977ರಲ್ಲಿ. ಅದಕ್ಕೆ ಮೊದಲಿನ ಕಾಗದಗಳನ್ನು ಉತ್ತರ ಕನ್ನಡ ಎಂದು ಹುಡುಕಿದರೆ ಹೇಗೆ ಸಿಗುತ್ತವೆ, ಅಲ್ವಾ? ಕೆನರಾ ಅಥವಾ ನಾರ್ತ್ ಕೆನರಾ ಎಂದೇ ಹುಡುಕಬೇಕು. ಅದನ್ನೂ ಸಿ ಅಕ್ಷರದಿಂದ ಒಮ್ಮೆ, ಕೆ ಅಕ್ಷರದಿಂದ ಒಮ್ಮೆ. ಕಾರವಾರಕ್ಕೂ ಅಷ್ಟೇ. ಹೊನ್ನಾವರ ಹೊನೋರ್ ಆಗಿತ್ತು. ಕುಮಟಾ ಕೂಂಪ್ಟಾ ಆಗಿತ್ತು, ಆ ಹೆಸರು ಹಾಕಿದರೆ ಬರುವುದು ಹತ್ತಿಯ ಧಾರಣೆ. ಧಾರವಾಡ ಸೀಮೆಯ ಹತ್ತಿ ನಮ್ಮ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲದ ನೆನಪು ಅದು. ಅಘನಾಶಿನಿ ನದಿಗೆ ಇಂಗ್ಲಿಷರು ಬರೆದದ್ದು ತದ್ರಿ ನದಿ ಅಂತ. ಈ ಒಂದು ಹೆಸರು ಗೊತ್ತಾದ ಮೇಲೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುವ 1883ರ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟ ಅವಳಿಗೆ ತೆರೆದುಕೊಂಡಿತು. ಅದು 15ನೆಯ ಸಂಪುಟ, ಎರಡು ಭಾಗ. 1801ರಲ್ಲಿ ಈ ಕರಾವಳಿಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಬರೆದ, 1807ರಲ್ಲಿ ಅಚ್ಚಾದ ಪ್ರವಾಸ ವರದಿಯೂ ಅಲ್ಲೇ ಇದೆ. ಪ್ರಾಜೆಕ್ಟಿಗೆ ಬೇಕಾದದ್ದು ಎರಡೇ ಪ್ಯಾರಾ ಆಗಿದ್ದರೂ ಅವಳು ಎರಡು ಸಂಜೆ ಅದನ್ನೇ ಓದಿದಳು.

ಎಲ್ಲೆಲ್ಲಿ ಸಿಕ್ಕಿತು

ಹೆಸರುಗಳು ಕೈಗೆ ಬಂದ ಮೇಲೆ ಜಾಗಗಳನ್ನು ಹುಡುಕುವುದು ಅಷ್ಟು ಕಷ್ಟವಾಗಲಿಲ್ಲ.

ಮೊದಲ ದೊಡ್ಡ ಗಂಟು ಸಿಕ್ಕಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ. ಅವರ ಕ್ಷೇತ್ರ ಕೇಂದ್ರ ನಮ್ಮ ಕುಮಟಾದಲ್ಲೇ ಇದೆ. ಅಘನಾಶಿನಿಯ ಕಾಂಡ್ಲಾ, ಚಿಪ್ಪಿಮೀನು, ಗಜನಿ ಎಲ್ಲದರ ಬಗ್ಗೆ ಅವರ ತಾಂತ್ರಿಕ ವರದಿಗಳು ಪೂರ್ತಿ ಪಠ್ಯದಲ್ಲಿ ಉಚಿತವಾಗಿ ಸಿಗುತ್ತವೆ. ಸಹ್ಯಾದ್ರಿ ಇ-ನ್ಯೂಸ್ ಎಂಬ ಅವರ ಪತ್ರಿಕೆಯೂ ಇದೆ. ಅವಳ ಕರಡಿನಲ್ಲಿ ತೆರೆಯದಿದ್ದ ಮೂರು ಕೊಂಡಿಗಳು ಇಲ್ಲಿನವೇ ಎಂದು ಆಗ ಗೊತ್ತಾಯಿತು. ಸಂಸ್ಥೆಯ ಜಾಲ ವಿಳಾಸದಲ್ಲಿ ಮೊದಲು ಅರ್‌ನೆಟ್ (ernet) ಎಂದಿತ್ತು, ಈಗ ಎಸಿ (ac) ಎಂದಾಗಿದೆ. ಹಳೆಯ ವಿಳಾಸದಲ್ಲಿ ಆ ಒಂದು ತುಂಡು ಬದಲಿಸಿದರೆ ಎರಡು ವರದಿ ತೆರೆದುಕೊಂಡವು. ಮೂರನೆಯದಕ್ಕೆ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿಗೆ ಹೋದೆವು. ಸತ್ತ ಪುಟದ ಹಳೆಯ ಪ್ರತಿ ಅಲ್ಲಿ ಉಳಿದಿತ್ತು. ಕೊಂಡಿ ತೆರೆಯದಿದ್ದರೆ ಕೈಬಿಡಬೇಡಿ, ಈ ಎರಡು ಕೆಲಸ ಮಾಡಿ ನೋಡಿ.

ಅಳಿವೆಯ ಬಳಚು ಎಂಬ ಚಿಪ್ಪಿಮೀನಿನ ಬಗ್ಗೆ ಬೇಕಾದಾಗ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಇ-ಪ್ರಿಂಟ್ಸ್ ಸಂಗ್ರಹ ನೋಡಿದೆವು. ದಶಕಗಳ ಹಿಂದಿನ ಲೇಖನಗಳನ್ನೂ ಅಲ್ಲಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ದುಡ್ಡು ಕೇಳುವುದಿಲ್ಲ.

ಶೋಧಗಂಗಾ ಬಗ್ಗೆ ನಮ್ಮ ಮಕ್ಕಳು ಕೇಳಿರುತ್ತಾರೆ, ತೆರೆದು ನೋಡಿರುವುದಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಇದರಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿವೆ. ನಮ್ಮ ಜಿಲ್ಲೆಯ ಬಗ್ಗೆ ಬೇಕಾದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗಕ್ಕೆ ಹೋಗಬೇಕು. ಅವರ ಸಾಗರ ಜೀವಶಾಸ್ತ್ರ ವಿಭಾಗ ಇರುವುದೇ ಕಾರವಾರದ ಕೋಡಿಬಾಗದಲ್ಲಿ. ಪ್ರಬಂಧ ಅಧ್ಯಾಯ ಅಧ್ಯಾಯವಾಗಿ ಬೇರೆ ಬೇರೆ ಫೈಲುಗಳಲ್ಲಿ ಇರುತ್ತದೆ. ಪೂರ್ತಿ ಓದುವ ಅಗತ್ಯವಿಲ್ಲ. ಹಿಂದಿನ ಅಧ್ಯಯನಗಳ ಸಮೀಕ್ಷೆ ಇರುವ ಅಧ್ಯಾಯ ಮತ್ತು ಕೊನೆಯ ಗ್ರಂಥಋಣ, ಇವೆರಡನ್ನು ಮೊದಲು ಇಳಿಸಿಕೋ ಎಂದೆ. ಒಬ್ಬರು ನಾಲ್ಕಾರು ವರ್ಷ ಹುಡುಕಿ ಕೂಡಿಸಿದ ಪಟ್ಟಿ ಅದು. ಅವಳಿಗೆ ಅದರಿಂದ ಐದು ಒಳ್ಳೆಯ ಲೇಖನಗಳ ಸುಳಿವು ಸಿಕ್ಕಿತು.

ಅದರಲ್ಲಿ ಎರಡಕ್ಕೆ ದುಡ್ಡು ಕೇಳಿತು. ನೂರಾರು ಅಲ್ಲ, ಸಾವಿರ ದಾಟಿದ ಬೆಲೆ. ಇಂಥ ಕಡೆ ಮಕ್ಕಳು ಹೆದರಿ ಬಿಟ್ಟುಬಿಡುತ್ತಾರೆ. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗೆ ಅದರ ಎಲ್ಲ ಆವೃತ್ತಿ ತೋರಿಸುವ ಕೊಂಡಿ ಇರುತ್ತದೆ, ಅದನ್ನು ಒತ್ತಬೇಕು. ಬರೆದವರು ತಮ್ಮ ಸಂಸ್ಥೆಯ ತಾಣದಲ್ಲಿ ಇಟ್ಟ ಉಚಿತ ಪ್ರತಿ ಅಲ್ಲಿ ಸಿಗಬಹುದು. ಒಂದು ಹಾಗೇ ಸಿಕ್ಕಿತು. ಇನ್ನೊಂದನ್ನು ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್‌ನಲ್ಲಿ ತೆಗೆದೆವು. ಕಾಲೇಜು ಎನ್-ಲಿಸ್ಟ್ ಸದಸ್ಯನಾಗಿದ್ದರೆ ಪ್ರತಿ ವಿದ್ಯಾರ್ಥಿಗೂ ಬಳಕೆದಾರರ ಹೆಸರು, ಪಾಸ್‌ವರ್ಡ್ ಸಿಗುತ್ತದೆ. ಮನೆಯಿಂದ ಮೊಬೈಲಿನಲ್ಲೇ ಓದಬಹುದು. ಮೂರು ವರ್ಷ ಓದಿದ ಈ ಹುಡುಗಿಗೆ ತನಗೆ ಅಂಥ ಒಂದು ಪಾಸ್‌ವರ್ಡ್ ಇದೆ ಎಂದೇ ಗೊತ್ತಿರಲಿಲ್ಲ. ಇದು ಗ್ರಂಥಾಲಯದವರ ಕಡೆಯ ತಪ್ಪು, ನನ್ನದೂ ಸೇರಿ. ಆಮೇಲೆ ನಾನು ಪ್ರತಿ ತರಗತಿಗೆ ಹೋಗಿ ಹೇಳಿ ಬಂದೆ. ಸರ್ಕಾರಿ ಸಂಸ್ಥೆಗಳಿಗೆ 2025ರ ಜನವರಿಯಿಂದ ಒಂದು ದೇಶ ಒಂದು ಚಂದಾ ಯೋಜನೆಯೂ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಅದರಲ್ಲಿವೆ. ನಿಮ್ಮ ಕಾಲೇಜಿಗೆ ಯಾವುದು ಇದೆ ಎಂದು ಗ್ರಂಥಪಾಲಕರನ್ನು ಬಾಯಿಬಿಟ್ಟು ಕೇಳಿ.

ಪಠ್ಯದ ಮಟ್ಟದ ಓದಿಗೆ ಇ-ಪಿಜಿ ಪಾಠಶಾಲಾ, ಇಗ್ನೋದ ಇ-ಜ್ಞಾನಕೋಶ ಸಾಕು. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೂ ಇದೆ.

ಎರಡು ಅಂಕಿ, ಎರಡೂ ಸರಿ

ಕರಡಿನಲ್ಲಿ ಒಂದು ಕಡೆ ಕರ್ನಾಟಕದಲ್ಲಿ ಕಾಂಡ್ಲಾ ಕಾಡು 10 ಚದರ ಕಿಲೋಮೀಟರ್ ಎಂದಿತ್ತು. ಮುಂದೆ ಇನ್ನೊಂದು ಕಡೆ 13 ಎಂದಿತ್ತು. ಗೈಡ್ ಎರಡಕ್ಕೂ ಕೆಂಪು ಗೆರೆ ಎಳೆದಿದ್ದರು. ಯಾವುದು ತಪ್ಪು ಎಂದು ಅವಳು ಕೇಳಿದಳು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವರದಿಗಳನ್ನೇ ತೆಗೆದು ನೋಡಿದೆವು. 2019ರ ವರದಿಯಲ್ಲಿ 10, 2021ರ ವರದಿಯಲ್ಲಿ 13. ಎರಡೂ ಸರಿ! ವರ್ಷ ಬಿಟ್ಟು ಬರೆದದ್ದು ತಪ್ಪು. ಅವಳು ನಕಲು ಮಾಡಿಕೊಂಡ ಪುಟಗಳಲ್ಲೇ ವರ್ಷ ಇರಲಿಲ್ಲ. ಮೂಲಕ್ಕೆ ಹೋಗು ಎಂದು ನಾವು ಬಾಯಿಪಾಠ ಹೇಳುತ್ತೇವೆ. ಯಾಕೆ ಹೋಗಬೇಕು ಎನ್ನುವುದು ಅವಳಿಗೆ ಆ ಮೂರು ಚದರ ಕಿಲೋಮೀಟರಿನಿಂದ ಅರ್ಥವಾಯಿತು. ಹೊಸ ವರದಿ ಬಂದಿದೆಯಾ ಎಂದು ತಾನೇ ಹುಡುಕಿ, ಆ ಅಂಕಿಯನ್ನೂ ವರ್ಷದ ಸಮೇತ ಸೇರಿಸಿದಳು.

ಅಳಿವೆಯ ವಿಸ್ತೀರ್ಣದ್ದೂ ಇದೇ ಗೊಂದಲ. ಒಬ್ಬೊಬ್ಬರದು ಒಂದೊಂದು ಲೆಕ್ಕ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಆ ಪಟ್ಟಿಯ ತಾಣದಲ್ಲಿ ಪ್ರತಿ ಜೌಗು ಪ್ರದೇಶಕ್ಕೂ ಒಂದು ಮಾಹಿತಿ ಪುಟ ಇರುತ್ತದೆ. ಅದರ ಪ್ರಕಾರ 4,801 ಹೆಕ್ಟೇರ್. ಯಾವ ಗಡಿಯೊಳಗಿನ ವಿಸ್ತೀರ್ಣ ಎಂದೂ ಸೇರಿಸಿ ಬರೆ ಎಂದೆ. ಅವಳ ಕರಡಿನಲ್ಲಿ ರಾಮ್ಸರ್ ಪದವೇ ಇರಲಿಲ್ಲ. ಅವಳು ಓದಿದ್ದ ಬರಹಗಳೆಲ್ಲ ಅದಕ್ಕೆ ಮೊದಲಿನವು. ವಿಕಿಪೀಡಿಯಾ ನೋಡಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಪುಟದ ಕೆಳಗಿನ ಉಲ್ಲೇಖಗಳಿಗೆ ಇಳಿ, ಅಲ್ಲಿಂದ ಮುಂದೆ ನಡೆ ಎನ್ನುತ್ತೇನೆ.

ಕನ್ನಡದಲ್ಲಿ ಸಿಗಲಿಲ್ಲ ಎನ್ನುವ ನೋವು

ಇದನ್ನು ಬರೆಯದಿದ್ದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಕಣಜ ಎಂಬ ಕನ್ನಡ ಮಾಹಿತಿ ತಾಣದಲ್ಲಿ ನೋಡಿದೆವು. ಮೈಸೂರಿನ ಭಾರತೀಯ ಭಾಷಾ ಸಂಸ್ಥೆಯ ಭಾರತವಾಣಿಯಲ್ಲಿ ನೋಡಿದೆವು. ಪಾರಿಭಾಷಿಕ ಪದಗಳಿಗೆ, ನಿಘಂಟಿಗೆ ಎರಡೂ ಉಪಯೋಗಕ್ಕೆ ಬಂದವು. ಅಲರ್ ನಿಘಂಟೂ ಒಳ್ಳೆಯದು. ಆದರೆ ಗಜನಿಯ ಬಗ್ಗೆ ಕನ್ನಡದಲ್ಲಿ ಆಳವಾಗಿ ಬರೆದದ್ದು ಹುಡುಕಾಟಕ್ಕೆ ಬೀಳುವುದು ಬಹಳ ಕಡಿಮೆ. ಬರೆದವರು ಇಲ್ಲ ಅಂತಲ್ಲ. ನಮ್ಮ ಎಷ್ಟೋ ವರದಿಗಳು, ಸ್ಮರಣ ಸಂಚಿಕೆಗಳು ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ತಂತ್ರಾಂಶಗಳ ಅಕ್ಷರಗಳಲ್ಲಿ ಟೈಪ್ ಆಗಿವೆ. ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇನ್ನು ಕೆಲವು ಬರೀ ಸ್ಕ್ಯಾನ್ ಮಾಡಿದ ಚಿತ್ರಗಳು. ನಮ್ಮ ಗ್ರಂಥಾಲಯದ ಕಪಾಟಿನಲ್ಲೇ ಗಜನಿ ಬೇಸಾಯದ ಬಗ್ಗೆ ಹಳೆಯ ಲೇಖನವಿದ್ದ ಒಂದು ಸಂಚಿಕೆ ಸಿಕ್ಕಿತು. ಅದನ್ನು ಯಾವ ಹುಡುಕು ಯಂತ್ರವೂ ತೋರಿಸುವುದಿಲ್ಲ. ನೆಟ್ಟಿನ ಹುಡುಕಾಟ ಮಾಡುವವರು ಕಪಾಟಿನ ಹತ್ತಿರವೂ ಒಮ್ಮೆ ಬಂದು ಹೋಗಲಿ ಎಂದು ನನಗೆ ಆಸೆ.

ಕೊನೆಗೆ ಉಳಿದದ್ದು ಒಂದು ಪ್ರಶ್ನೆ. ಅವಳ ಊರಿನ ಗಜನಿಯಲ್ಲಿ ಯಾವಾಗಿನಿಂದ ಕಗ್ಗ ಕಡಿಮೆಯಾಯಿತು, ಯಾಕೆ? ಇದಕ್ಕೆ ಯಾವ ತಾಣದಲ್ಲೂ ಉತ್ತರ ಇರಲಿಲ್ಲ. ಒಂದು ಭಾನುವಾರ ಅಜ್ಜನ ಎದುರು ಮೊಬೈಲ್ ಇಟ್ಟು ಕೂತಳಂತೆ. ಅವರು ಒಂದೂವರೆ ಗಂಟೆ ಮಾತಾಡಿದರು. ಮೊಳಕೆ ಬರಿಸಿ ಬಿತ್ತುವುದು, ಒಡ್ಡು ಒಡೆದ ವರ್ಷ, ಕೂಲಿಯವರು ಸಿಗದಾದದ್ದು, ಶೆಟ್ಲಿಗೆ ಬೆಲೆ ಬಂದ ಮೇಲೆ ಹಲಗೆ ಬಾಗಿಲು ಮುಚ್ಚುವವರೇ ಇಲ್ಲದಾದದ್ದು. ಅದನ್ನೆಲ್ಲ ಬರೆದು ತಂದಳು.

"ಇದನ್ನು ಎಲ್ಲಿ ಹಾಕಲಿ ಸರ್? ಇದು ರೆಫರೆನ್ಸ್ ಆಗುತ್ತಾ?"

ಆಗುತ್ತದೆ ಎಂದೆ. ಅವರ ಒಪ್ಪಿಗೆ ಕೇಳು, ಹೆಸರು, ವಯಸ್ಸು, ಊರು, ಮಾತಾಡಿದ ದಿನಾಂಕ ಬರೆ, ವೈಯಕ್ತಿಕ ಸಂದರ್ಶನ ಎಂದು ಸೇರಿಸು. ಹೊಸ ಕೊನೆಯ ಪುಟದಲ್ಲಿ 17 ಉಲ್ಲೇಖಗಳಿದ್ದವು. ಹದಿನಾರನ್ನು ಅವಳು ತೆರೆದು ಓದಿದ್ದಳು. ಹದಿನೇಳನೆಯದು ಅಜ್ಜ. ಗೈಡ್ ಈ ಸಲ ಸಹಿ ಹಾಕಿದರು.

ಪರೀಕ್ಷೆ ಮುಗಿದ ಮೇಲೆ ನೋ ಡ್ಯೂ ಸರ್ಟಿಫಿಕೇಟಿಗೆ ಸಹಿ ಬೇಕು ಎಂದು ಬಂದಿದ್ದಳು. ಅದೇ ಹೊತ್ತಿಗೆ ಎರಡನೆಯ ವರ್ಷದ ಹುಡುಗನೊಬ್ಬ ಕಂಪ್ಯೂಟರಿನ ಮುಂದೆ ಕೂತು, ಗಂಗಾವಳಿ ನದಿಯ ಬಗ್ಗೆ ಏನೂ ಸಿಗುತ್ತಿಲ್ಲ ಎಂದು ಗೊಣಗುತ್ತಿದ್ದ. ನಾನು ಏಳುವುದರೊಳಗೆ ಅವಳೇ ಹೋಗಿ ಅವನ ಪಕ್ಕದ ಕುರ್ಚಿ ಎಳೆದುಕೊಂಡಳು. ಚೀಲದಿಂದ ಆ ನಾಲ್ಕು ಗೆರೆಯ ನೋಟ್‌ಬುಕ್ ತೆಗೆದಳು.

"ಘಟ್ಟದ ಮೇಲೆ ಅದಕ್ಕೆ ಬೇಡ್ತಿ ಅಂತಾರೆ ತಮ್ಮಾ. ಆ ಹೆಸರು ಹಾಕಿ ನೋಡಿದ್ಯಾ?"